ಗ್ಯಾರಿ ಕಿಲ್ಡಾಲ್: ಒಂದೇ ಯಂತ್ರ, ಎರಡು ವ್ಯವಸ್ಥೆ

ಒಂದೇ ಗಣಕಯಂತ್ರದಲ್ಲಿ ವಿಂಡೋಸ್ ಜೊತೆಗೆ ಲಿನಕ್ಸ್ ಅನ್ನೂ ಅಳವಡಿಸಿಕೊಳ್ಳುವುದು ಇಂದು ಸಾಮಾನ್ಯ. ಯಂತ್ರ ಬೇರೆ, ಕಾರ್ಯಾಚರಣ ವ್ಯವಸ್ಥೆ ಬೇರೆ ಎಂಬುದನ್ನು ಮೊದಲು ಸಾಧಿಸಿ ತೋರಿಸಿದವರಲ್ಲಿ ಗ್ಯಾರಿ ಕಿಲ್ಡಾಲ್ ಪ್ರಮುಖರು.

1942ರ ಮೇ 19ರಂದು ಅಮೆರಿಕದ ಸಿಯಾಟಲ್‌ನಲ್ಲಿ ಜನಿಸಿದ ಅವರು, ಮಾಂಟೆರೆಯ ನೌಕಾಪಡೆ ಸ್ನಾತಕೋತ್ತರ ವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದರು. 1974ರಲ್ಲಿ ಸಿಪಿ/ಎಂ ವ್ಯವಸ್ಥೆಯನ್ನು ರೂಪಿಸಿದರು. ಯಂತ್ರದಿಂದ ಯಂತ್ರಕ್ಕೆ ಬದಲಾಗುವ ಭಾಗವನ್ನು ಬಯೋಸ್ ಎಂದು ಪ್ರತ್ಯೇಕಿಸಿದರು. ಅದೊಂದನ್ನು ತಿದ್ದಿದರೆ ಸಾಕು, ಉಳಿದದ್ದು ಬೇರೆ ಬೇರೆ ಕಂಪನಿಗಳ ಯಂತ್ರಗಳಲ್ಲೂ ನಡೆಯುತ್ತಿತ್ತು.

1981ರಲ್ಲಿ ಬಂದ ಐಬಿಎಂ ಪಿಸಿಗೆ ಮೈಕ್ರೋಸಾಫ್ಟ್ ಒದಗಿಸಿದ ಡಾಸ್ ಸಿಪಿ/ಎಂ ಅನ್ನೇ ಬಹುಮಟ್ಟಿಗೆ ಹೋಲುತ್ತಿತ್ತು. ಕಿಲ್ಡಾಲ್ ಆಕ್ಷೇಪಿಸಿದ ಬಳಿಕ ಅವರ ಸಿಪಿ/ಎಂ-86 ಅನ್ನೂ ಮಾರಲು ಐಬಿಎಂ ಒಪ್ಪಿತು. ಗ್ರಾಹಕರಿಗೆ ಆಯ್ಕೆಯೇನೋ ದೊರೆಯಿತು. ಆದರೆ ಡಾಸ್‌ನ ಬೆಲೆ 40 ಡಾಲರ್, ಸಿಪಿ/ಎಂ-86ರದು 240 ಡಾಲರ್! ಜನ ಅಗ್ಗದ್ದನ್ನೇ ಕೊಂಡರು. 1983ರ ಪಿಸಿ ಎಕ್ಸ್‌ಟಿಯಲ್ಲಿ ಹಾರ್ಡ್ ಡಿಸ್ಕನ್ನು ನಾಲ್ಕು ಪಾಲು ಮಾಡಿ ಬೇರೆ ಬೇರೆ ವ್ಯವಸ್ಥೆಗಳನ್ನು ಇರಿಸಲು ಅವಕಾಶವಾಯಿತು. ಅಷ್ಟರಲ್ಲಿ ಮಾರುಕಟ್ಟೆ ಡಾಸ್‌ನತ್ತ ವಾಲಿತ್ತು.

1991ರಲ್ಲಿ ಅವರ ಡಿಜಿಟಲ್ ರಿಸರ್ಚ್ ಸಂಸ್ಥೆ ನಾವೆಲ್ ಪಾಲಾಯಿತು. 1994ರ ಜುಲೈ 11ರಂದು, 52ನೆಯ ವಯಸ್ಸಿನಲ್ಲಿ, ಕಿಲ್ಡಾಲ್ ನಿಧನರಾದರು. ಸಿಪಿ/ಎಂ ಮರೆಯಾದರೂ ಬಯೋಸ್ ಎಂಬ ಹೆಸರು ದಶಕಗಳ ಕಾಲ ಕೋಟ್ಯಂತರ ಯಂತ್ರಗಳಲ್ಲಿ ಉಳಿಯಿತು.