ಗಿಟಾರ್ ನುಡಿಸಲು ಬಾರದ ಫೆಂಡರ್

ಈ ರಜೆಯಲ್ಲಿ ನಾನೇ ಎಲೆಕ್ಟ್ರಿಕ್ ಗಿಟಾರ್ ಮಾಡುತ್ತೇನೆಂದು ಹೊರಟಾಗ ಗೆಳೆಯರು ನಕ್ಕರು. ನನಗೆ ನುಡಿಸಲು ಬರುವುದಿಲ್ಲವಲ್ಲ! ಲಿಯೋ ಫೆಂಡರ್‌ಗೂ ಬರುತ್ತಿರಲಿಲ್ಲ.

1909ರಲ್ಲಿ ಕ್ಯಾಲಿಫೋರ್ನಿಯಾದ ಕಿತ್ತಳೆ ಬೆಳೆಗಾರರ ಮನೆಯಲ್ಲಿ ಹುಟ್ಟಿದ ಅವರು ಬಾಲ್ಯದಲ್ಲೇ ಒಂದು ಕಣ್ಣು ಕಳೆದುಕೊಂಡರು. ಓದಿದ್ದು ಅಕೌಂಟ್ಸ್. ಆರ್ಥಿಕ ಕುಸಿತದ ದಿನಗಳಲ್ಲಿ ಆ ಕೆಲಸವೂ ಹೋಯಿತು. 1938ರಲ್ಲಿ 600 ಡಾಲರ್ ಸಾಲ ಮಾಡಿ ಫುಲರ್ಟನ್ ಪಟ್ಟಣದಲ್ಲಿ ರೇಡಿಯೊ ರಿಪೇರಿ ಅಂಗಡಿ ತೆರೆದರು. ಎಲೆಕ್ಟ್ರಾನಿಕ್ಸ್ ಅನ್ನು ತಾವೇ ಕಲಿತಿದ್ದರು (ನಮ್ಮ ಹಾಗೆ ಇಂಟರ್ನಲ್ಸ್ ಇರಲಿಲ್ಲ ಬಿಡಿ).

1940ರ ದಶಕದಲ್ಲಿ ಗೆಳೆಯ ಡಾಕ್ ಕಾಫ್‌ಮನ್ ಜೊತೆ ಸೇರಿ, ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್‌ನ ಪರೀಕ್ಷೆಗೆಂದು ಗಟ್ಟಿಮರದ ಒರಟು ಗಿಟಾರ್ ಒಂದನ್ನು ಮಾಡಿದರು. ಊರಿನ ವಾದಕರು ಅದನ್ನೇ ಕೇಳಿಕೊಂಡು ಬರತೊಡಗಿದರು! 1950ರಲ್ಲಿ ಮುಂದೆ ಟೆಲಿಕಾಸ್ಟರ್ ಎನಿಸಿದ ಗಿಟಾರ್, 1954ರಲ್ಲಿ ಸ್ಟ್ರಾಟೋಕಾಸ್ಟರ್ ಬಂದವು. ಆಗ ಗಿಟಾರ್‌ನ ಕುತ್ತಿಗೆಯನ್ನು ಸಾಮಾನ್ಯವಾಗಿ ಅಂಟಿಸುತ್ತಿದ್ದರು. ರಿಪೇರಿ ಮಾಡಿ ಪಳಗಿದ ಫೆಂಡರ್ ನಾಲ್ಕು ಸ್ಕ್ರೂ ಹಾಕಿದರು. ಕೆಟ್ಟರೆ ಬಿಚ್ಚಿ ಬದಲಿಸಿದರಾಯಿತು.

1965ರಲ್ಲಿ ಕಂಪನಿ ಮಾರಿದರೂ ಗಿಟಾರ್ ಮಾಡುವುದನ್ನು ಬಿಡಲಿಲ್ಲ. 1991ರಲ್ಲಿ ತೀರಿಕೊಂಡರು.

ನನ್ನ ಗಿಟಾರ್‌ನ ಕುತ್ತಿಗೆ ಎರಡು ಮಿಲಿಮೀಟರ್ ಓರೆಯಾಗಿ ಕೂತಿತ್ತು. ಎರಡು ತಿಂಗಳ ಪಾಕೆಟ್ ಮನಿ ಹೋಯಿತೆಂದುಕೊಂಡೆ. ನಾಲ್ಕು ಸ್ಕ್ರೂ ಬಿಚ್ಚಿ, ಸಂದಿಗೆ ತೆಳು ಮರದ ಚೂರು ಕೊಟ್ಟು, ಮತ್ತೆ ಬಿಗಿದೆ.