ಆಲ್ಬ್ರೆಕ್ಟ್ ಡ್ಯೂರರ್

ಹದಿನೈದನೆಯ ಶತಮಾನದಲ್ಲಿ ಇಟಲಿಯ ನಗರಗಳಲ್ಲಿ ಕಲೆ ಮತ್ತು ವಿದ್ಯೆಗಳು ಪುನರುಜ್ಜೀವನಗೊಂಡ ಸಂಗತಿಯನ್ನು ವಿದ್ಯಾರ್ಥಿಗಳು ಚರಿತ್ರೆಯ ಪಾಠದಲ್ಲಿ ಓದಿಯೇ ಇರುವರು. ಆ ಬೆಳಕು ಆಲ್ಪ್ಸ್ ಪರ್ವತಗಳನ್ನು ತಾನಾಗಿ ದಾಟಲಿಲ್ಲ. ಮನುಷ್ಯರು ಅದನ್ನು ಹೊತ್ತು ದಾಟಿಸಿದರು. ಅಂಥವರಲ್ಲಿ ಡ್ಯೂರರನು ಅಗ್ರಗಣ್ಯನು.

ಅವನು 1471ರಲ್ಲಿ ಜರ್ಮನಿಯ ನ್ಯೂರೆಂಬರ್ಗ್ ಪಟ್ಟಣದಲ್ಲಿ ಜನಿಸಿದನು. ತಂದೆ ಹಂಗೆರಿಯಿಂದ ವಲಸೆ ಬಂದ ಅಕ್ಕಸಾಲಿಗ. ಹುಟ್ಟಿದ ಹದಿನೆಂಟು ಮಕ್ಕಳಲ್ಲಿ ಬಹುಮಂದಿ ಎಳವೆಯಲ್ಲಿಯೇ ತೀರಿಕೊಂಡರು. ಡ್ಯೂರರನು ಹದಿಮೂರನೆಯ ವಯಸ್ಸಿನಲ್ಲಿ ಕನ್ನಡಿಯನ್ನು ನೋಡಿ, ಬೆಳ್ಳಿಯ ಕಡ್ಡಿಯಿಂದ ತನ್ನ ರೂಪವನ್ನು ತಾನೇ ಬರೆದನು. ಆ ಚಿತ್ರವು ಇಂದಿಗೂ ವಿಯೆನ್ನಾ ನಗರದಲ್ಲಿದೆ. ಮಗನು ಕುಲಕಸುಬನ್ನು ಬಿಡುವನೆಂದು ತಂದೆಗೆ ವ್ಯಸನವಾಯಿತು. ಆದರೂ 1486ರಲ್ಲಿ ವೋಲ್ಗೆಮುಟ್ ಎಂಬ ಚಿತ್ರಕಾರನಲ್ಲಿ ಅವನನ್ನು ಶಿಷ್ಯನನ್ನಾಗಿ ಇರಿಸಿದನು.

1500ರ ಸುಮಾರಿಗೆ ನಡೆದ ಒಂದು ಸಣ್ಣ ಸಂಗತಿ ಅವನ ಬಾಳನ್ನೇ ತಿರುಗಿಸಿತು. ವೆನಿಸ್ ನಗರದ ಯಾಕೊಪೊ ದೆ ಬಾರ್ಬರಿ ಎಂಬ ಚಿತ್ರಕಾರನು ಅಳತೆಯ ನಿಯಮದಿಂದ ರಚಿಸಿದ ಒಂದು ಗಂಡಿನ, ಒಂದು ಹೆಣ್ಣಿನ ಆಕೃತಿಗಳನ್ನು ಅವನಿಗೆ ತೋರಿಸಿದನು. ಆದರೆ ಆ ನಿಯಮವೇನೆಂಬುದನ್ನು ಬಿಡಿಸಿ ಹೇಳಲಿಲ್ಲ. ವಿದ್ಯೆಯನ್ನು ಗಂಟು ಕಟ್ಟಿ ಇಟ್ಟುಕೊಳ್ಳುವವರು ಯಾವ ದೇಶದಲ್ಲಿಲ್ಲ? ಡ್ಯೂರರನು ಮುನಿದು ಕೂರಲಿಲ್ಲ. ರೋಮನ್ ಶಿಲ್ಪಶಾಸ್ತ್ರಜ್ಞ ವಿಟ್ರುವಿಯಸನ ಗ್ರಂಥವನ್ನು ಓದಿದನು. ಜೀವಂತ ಮನುಷ್ಯರ ತಲೆ, ತೋಳು, ಅಡಿಗಳನ್ನು ಅಳೆಯತೊಡಗಿದನು. 1505ರಲ್ಲಿ ವೆನಿಸ್ ನಗರಕ್ಕೆ ಹೋಗಿ ಒಂದೂವರೆ ವರ್ಷದಷ್ಟು ಕಾಲ ಅಲ್ಲಿದ್ದನು. ಮರಳುವ ಮುನ್ನ ಅಲ್ಲಿ ಒಂದು ಡ್ಯೂಕಟ್ ನಾಣ್ಯಕ್ಕೆ ಯೂಕ್ಲಿಡನ ರೇಖಾಗಣಿತವನ್ನು ಕೊಂಡನು.

ಅವನ ಮರದಚ್ಚಿನ ಹಾಗೂ ತಾಮ್ರಫಲಕದ ಚಿತ್ರಗಳು ಅಗ್ಗವಾಗಿ ಅಚ್ಚಾಗಿ ಸಂತೆ ಸಂತೆಗಳಲ್ಲಿ ಮಾರಾಟವಾದುವು. ವರ್ಣಚಿತ್ರವು ಒಬ್ಬ ಧನಿಕನ ಮನೆಯನ್ನು ಸೇರಿದರೆ, ಅಚ್ಚಿನ ಚಿತ್ರವು ನೂರು ಊರುಗಳನ್ನು ಸೇರುತ್ತದೆ. ನಮ್ಮ ದೇಶಕ್ಕೂ ಇದರಲ್ಲಿ ಒಂದು ಪಾಲುಂಟು. ಗುಜರಾತಿನ ಸುಲ್ತಾನನು ಪೋರ್ಚುಗೀಸರಿಗೆ ಕೊಟ್ಟ ಖಡ್ಗಮೃಗವೊಂದು ಗೋವೆಯಿಂದ ಹಡಗನ್ನೇರಿ 1515ರ ಮೇ ತಿಂಗಳಲ್ಲಿ ಲಿಸ್ಬನ್ನಿಗೆ ತಲಪಿತು. ಡ್ಯೂರರನು ಅದನ್ನು ಕಣ್ಣಾರೆ ಕಾಣಲಿಲ್ಲ. ಬೇರೆಯವರ ರೇಖಾಚಿತ್ರ ಮತ್ತು ವರ್ಣನೆಗಳನ್ನು ನಂಬಿ, ಕವಚ ತೊಟ್ಟಂತಹ ಮೈಯನ್ನೂ ಬೆನ್ನಿನ ಮೇಲೊಂದು ಇಲ್ಲದ ಕೊಂಬನ್ನೂ ಬರೆದನು. ಎರಡು ಶತಮಾನಗಳಿಗೂ ಮೀರಿ ಯೂರೋಪು ಅದನ್ನೇ ನಿಜವೆಂದು ನಂಬಿತು!

1525ರಲ್ಲಿ ಅವನು ಅಳತೆಯ ಶಾಸ್ತ್ರವನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದನು. ಆಗ ಪಂಡಿತರ ಭಾಷೆ ಲ್ಯಾಟಿನ್. ಡ್ಯೂರರನು ಬರೆದುದು ಜರ್ಮನ್ ಭಾಷೆಯಲ್ಲಿ. ಲ್ಯಾಟಿನ್ ಬಾರದ ಬಡಗಿ, ಕಲ್ಲುಕುಟಿಗ, ಅಕ್ಕಸಾಲಿಗರ ಹುಡುಗರಿಗೆ ಅದು ತಿಳಿಯಬೇಕಾಗಿತ್ತು. ರೇಖಾಗಣಿತಕ್ಕೆ ತನ್ನ ನುಡಿಯಲ್ಲಿ ಪದಗಳು ಸಾಲದಾದಾಗ ಅವನು ಕುಶಲಕರ್ಮಿಗಳ ಆಡುಮಾತಿನಿಂದ ಅವುಗಳನ್ನು ಆಯ್ದುಕೊಂಡನು. ತಾಯ್ನುಡಿಯಲ್ಲಿ ಶಾಸ್ತ್ರವನ್ನು ಕಲಿಸುವ ನಮ್ಮಂಥವರಿಗೆ ಈ ಶ್ರಮದ ಭಾರ ಗೊತ್ತು.

ಮನುಷ್ಯದೇಹದ ಪ್ರಮಾಣವನ್ನು ಕುರಿತ ನಾಲ್ಕು ಭಾಗಗಳ ಗ್ರಂಥವನ್ನು ಅಚ್ಚಿನಲ್ಲಿ ಕಾಣುವ ಭಾಗ್ಯ ಅವನಿಗಿರಲಿಲ್ಲ. 1528ರ ಏಪ್ರಿಲ್ 6ರಂದು ಅವನು ಕಾಲವಾದನು. ಅದೇ ವರ್ಷದ ಅಕ್ಟೋಬರಿನಲ್ಲಿ ಹೆಂಡತಿ ಆಗ್ನೆಸ್ ಅದನ್ನು ಹೊರತಂದಳು. ಕೆಲವೇ ವರ್ಷಗಳಲ್ಲಿ ಪಂಡಿತರೇ ಅದನ್ನು ಲ್ಯಾಟಿನ್ನಿಗೆ ತಿರುಗಿಸಿಕೊಂಡರು. ಬಳಿಕ ಫ್ರೆಂಚ್ ಅನುವಾದವೂ ಬಂದಿತು. 1591ರಲ್ಲಿ ಅದು ಇಟಾಲಿಯನ್ ಭಾಷೆಯಲ್ಲಿ ಅಚ್ಚಾಯಿತು. ಅಚ್ಚಾದ ಊರು ವೆನಿಸ್.