ವಿ.ಪಿ. ಸತ್ಯನ್: ಮದ್ರಾಸ್‌ನಲ್ಲಿ ಚಿನ್ನ ಎತ್ತಿಹಿಡಿದ ಕ್ಯಾಪ್ಟನ್, ಅದೇ ಊರಿನಲ್ಲಿ ಮುಗಿದ ಬದುಕು

1995ರ ಡಿಸೆಂಬರ್. ಊರಿಗೆ ಇನ್ನೂ ಮದ್ರಾಸ್ ಎಂದೇ ಹೆಸರು. ಅಲ್ಲಿ ನಡೆದ ದಕ್ಷಿಣ ಏಷ್ಯಾ ಕ್ರೀಡಾಕೂಟದ ಫುಟ್‌ಬಾಲ್ ಫೈನಲ್‌ನಲ್ಲಿ ಭಾರತದ ಎದುರಾಳಿ ಬಾಂಗ್ಲಾದೇಶ. 1987ರ ಬಳಿಕ ಈ ಕೂಟದಲ್ಲಿ ಭಾರತಕ್ಕೆ ಫುಟ್‌ಬಾಲ್ ಚಿನ್ನ ಸಿಕ್ಕಿರಲಿಲ್ಲ. ಎರಡು ಸಲ ಪಾಕಿಸ್ತಾನ, ಒಂದು ಸಲ ನೇಪಾಳ ಅದನ್ನು ಕೊಂಡೊಯ್ದಿದ್ದವು. ಈ ಸಲ ಮದ್ರಾಸ್ ಹುಡುಗ ಸಬೀರ್ ಪಾಷಾ ಹೊಡೆದ ಒಂದೇ ಗೋಲು ಭಾರತವನ್ನು ಗೆಲ್ಲಿಸಿತು. ಆ ತಂಡದ ನಾಯಕ ವಿ.ಪಿ. ಸತ್ಯನ್.

ಇಂದಿನ ಎಷ್ಟೋ ಕ್ರೀಡಾಭಿಮಾನಿಗಳಿಗೆ ಈ ಹೆಸರು ಗೊತ್ತಿರಲಿಕ್ಕಿಲ್ಲ.

ಸತ್ಯನ್ ಹುಟ್ಟಿದ್ದು 1965ರ ಏಪ್ರಿಲ್ 29ರಂದು, ಕೇರಳದ ಕಣ್ಣೂರು ಜಿಲ್ಲೆಯ ಮೇಕ್ಕುನ್ನು ಎಂಬಲ್ಲಿ. ಕಣ್ಣೂರಿನ ಲಕ್ಕಿ ಸ್ಟಾರ್ ಕ್ಲಬ್‌ನಲ್ಲಿ ಆಟ ಕಲಿತ ಹುಡುಗ ಇಪ್ಪತ್ತರ ಹರೆಯದಲ್ಲೇ ಭಾರತದ ಜೆರ್ಸಿ ತೊಟ್ಟ. ಆಡುತ್ತಿದ್ದುದು ರಕ್ಷಣಾ ವಿಭಾಗದಲ್ಲಿ. ಗೋಲು ಹೊಡೆದವರ ಹೆಸರು ಮರುದಿನ ಪತ್ರಿಕೆಯಲ್ಲಿ ಬರುತ್ತದೆ, ಗೋಲು ತಡೆದವರದ್ದು ಬರುವುದು ಅಪರೂಪ. ಅಂಥ ಜಾಗದಲ್ಲಿ ನಿಂತೇ ಅವರು ರಾಷ್ಟ್ರೀಯ ಫುಟ್‌ಬಾಲ್ ಫೆಡರೇಷನ್‌ನ ವರ್ಷದ ಆಟಗಾರ ಪ್ರಶಸ್ತಿಯನ್ನೂ ಗೆದ್ದರು.

ಆ ಕಾಲದಲ್ಲಿ ಫುಟ್‌ಬಾಲ್ ಆಡಿ ಕೋಟಿ ಗಳಿಸುವ ಮಾತೇ ಇರಲಿಲ್ಲ. ಬೆಂಗಳೂರಿನಲ್ಲಿ ಐಟಿಐ, ಎಚ್‌ಎಎಲ್ ತಂಡಗಳಿದ್ದಂತೆ ಎಲ್ಲೆಡೆ ಇಲಾಖೆ, ಕಾರ್ಖಾನೆ, ಬ್ಯಾಂಕುಗಳ ತಂಡಗಳೇ ಆಟಗಾರರಿಗೆ ಅನ್ನ ಕೊಡುತ್ತಿದ್ದವು. ಸತ್ಯನ್‌ಗೆ ನೆಲೆಯಾದದ್ದು ಕೇರಳ ಪೊಲೀಸ್. ಐ.ಎಂ. ವಿಜಯನ್, ಸಿ.ವಿ. ಪಾಪ್ಪಚ್ಚನ್, ಶರಫಲಿ, ಕುರಿಕೇಶ್ ಮ್ಯಾಥ್ಯೂ ಅವರಂಥವರಿದ್ದ ತಂಡ ಅದು. 1990ರಲ್ಲಿ ತ್ರಿಶ್ಶೂರಿನಲ್ಲಿ ಈ ಪೊಲೀಸರು ಫೆಡರೇಷನ್ ಕಪ್ ಗೆದ್ದಾಗ, ಆ ಕಪ್ ಕೇರಳದ ತಂಡವೊಂದರ ಕೈಗೆ ಬಂದದ್ದು ಅದೇ ಮೊದಲು. ಮರುವರ್ಷ ಕಣ್ಣೂರಿನಲ್ಲಿ, ಅಂದರೆ ಸತ್ಯನ್ ಅವರ ಮನೆಯಂಗಳದಲ್ಲೇ, ಮತ್ತೊಮ್ಮೆ ಗೆದ್ದರು.

ಕೇರಳಿಗರು ಅವರನ್ನು ಇನ್ನೂ ಹೆಚ್ಚು ನೆನೆಯುವುದು 1992ಕ್ಕಾಗಿ. ಸಂತೋಷ್ ಟ್ರೋಫಿಯನ್ನು ಆ ರಾಜ್ಯ ಕೊನೆಯ ಬಾರಿ ಗೆದ್ದದ್ದು 1973ರಲ್ಲಿ. ಕೊಯಮತ್ತೂರಿನ ಫೈನಲ್‌ನಲ್ಲಿ ಸತ್ಯನ್ ಮುಂದಾಳತ್ವದ ಕೇರಳ 3-0ರಿಂದ ಗೋವಾವನ್ನು ಸೋಲಿಸಿತು. (ಇಂಥ ಕಾಯುವಿಕೆ ಕನ್ನಡಿಗರಿಗೂ ಹೊಸತಲ್ಲ. 1968-69ರಲ್ಲಿ ಮೈಸೂರು ರಾಜ್ಯವಾಗಿ ಗೆದ್ದ ಟ್ರೋಫಿ ಕರ್ನಾಟಕಕ್ಕೆ ಮರಳಿದ್ದು 2023ರಲ್ಲಿ.)

ಕೋಲ್ಕತ್ತಾದ ಮೊಹಮ್ಮಡನ್ ಸ್ಪೋರ್ಟಿಂಗ್, ಮೋಹನ್ ಬಾಗಾನ್ ತಂಡಗಳಿಗೂ ಆಡಿದ ಸತ್ಯನ್ ಕೊನೆಗೆ ಬಂದು ಸೇರಿದ್ದು ಚೆನ್ನೈನ ಇಂಡಿಯನ್ ಬ್ಯಾಂಕ್‌ಗೆ. ಮೊದಲು ಆಟಗಾರ, ಆಮೇಲೆ ಕೋಚ್. ಭಾರತ ತಂಡದ ಸಹಾಯಕ ಕೋಚ್ ಆಗಿಯೂ ದುಡಿದರು. ನೌಕರಿ ಇತ್ತು, ಸಂಬಳ ಬರುತ್ತಿತ್ತು. ಆದರೆ ಹಳೆಯ ಗಾಯಗಳು ಕಾಲನ್ನು ಬಿಟ್ಟಿರಲಿಲ್ಲ. ನೋವು ನುಂಗಿಕೊಂಡೇ ವರ್ಷಗಟ್ಟಲೆ ಆಡಿದ ದೇಹ ಅದು. ಮೈದಾನ ಬಿಟ್ಟ ಮೇಲೆ ಖಿನ್ನತೆಯೂ ಜೊತೆಯಾಯಿತು. ದೇಶವನ್ನು ಮುನ್ನಡೆಸಿದವನಿಗೆ ಬ್ಯಾಂಕಿನ ಕುರ್ಚಿ ಒಗ್ಗದಿದ್ದರೆ ಅಚ್ಚರಿಯೇನಿಲ್ಲ.

2006ರ ಜುಲೈ 18ರಂದು ಚೆನ್ನೈನ ಪಲ್ಲಾವರಂನಲ್ಲಿ ಸತ್ಯನ್ ತಮ್ಮ ಬದುಕನ್ನು ತಾವೇ ಮುಗಿಸಿಕೊಂಡರು. ಆಗ ಅವರಿಗೆ 41 ವರ್ಷ. ಪತ್ನಿ ಮತ್ತು ಪುಟ್ಟ ಮಗಳನ್ನು ಅಗಲಿದರು. ನಿವೃತ್ತ ಆಟಗಾರರ ಮನಸ್ಸಿನ ಆರೋಗ್ಯದ ಬಗ್ಗೆ ಆಗ ನಮ್ಮ ಕ್ರೀಡಾಲೋಕದಲ್ಲಿ ಮಾತನಾಡುವವರೇ ಕಡಿಮೆ. ಸಂಕಟದಲ್ಲಿರುವವರು ಯಾವ ಹೊತ್ತಿನಲ್ಲೂ ಕರೆ ಮಾಡಬಹುದಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಶುರುವಾದದ್ದು 2022ರಲ್ಲಷ್ಟೇ.

ಭಾರತದ ನಾಯಕನಾಗಿದ್ದರೂ ಅರ್ಜುನ ಪ್ರಶಸ್ತಿ ಅವರ ಪಾಲಿಗೆ ಬರಲಿಲ್ಲ. ಸಹ ಆಟಗಾರ ವಿಜಯನ್‌ಗೆ ಅದು ಸಿಕ್ಕಿತು. ಸತ್ಯನ್ ಹೆಸರು ಮತ್ತೆ ಜನರ ಬಾಯಿಗೆ ಬಂದದ್ದು 2018ರಲ್ಲಿ, ಪ್ರಜೇಶ್ ಸೇನ್ ನಿರ್ದೇಶನದ ಮಲಯಾಳಂ ಚಿತ್ರದ ಮೂಲಕ. ಸತ್ಯನ್ ಪಾತ್ರ ಮಾಡಿದ ಜಯಸೂರ್ಯ ಅವರಿಗೆ ಕೇರಳ ರಾಜ್ಯ ಸರ್ಕಾರದ ಅತ್ಯುತ್ತಮ ನಟ ಪ್ರಶಸ್ತಿಯೂ ಬಂತು. ಚಿತ್ರದ ಹೆಸರು 'ಕ್ಯಾಪ್ಟನ್'.